ಅಂಗೈಯಲ್ಲಿ ಸಾಂಬಾರು

ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಬರುವವರೇ ಒಳ್ಳೆಯವರು ಎಂದು ನನಗೆ ಗೊತ್ತಾದದ್ದು ಅಪ್ಪ ಆಸ್ಪತ್ರೆಯಿಂದ ಮರಳಿದ ವಾರದಲ್ಲಿ. ಹೃದಯ ದುರ್ಬಲವಾಗಿದೆ, ರಕ್ತವನ್ನು ಸರಿಯಾಗಿ ತಳ್ಳುತ್ತಿಲ್ಲ, ಅದಕ್ಕೇ ಮೈಯಲ್ಲಿ ನೀರು ನಿಲ್ಲುತ್ತಿದೆ. ಉಪ್ಪನ್ನು ಬಹುತೇಕ ಬಿಡಬೇಕು, ನೀರನ್ನು ಅಳೆದು ಕುಡಿಯಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಬಂದವರಿಗೆಲ್ಲ ಅಮ್ಮ ಬಾಗಿಲಲ್ಲೇ ಇದನ್ನು ವಿವರಿಸುತ್ತಿದ್ದಳು. ಅವರು ಗಂಭೀರವಾಗಿ ಕೇಳಿ, ತಲೆಯಾಡಿಸಿ, ಒಳಗೆ ಬಂದು, ಚೀಲದಿಂದ ಎಳನೀರು ತೆಗೆದಿಡುತ್ತಿದ್ದರು. ಒಬ್ಬರು ಮಾವಿನಮಿಡಿ ಉಪ್ಪಿನಕಾಯಿ ತಂದರು. "ಅಂಗಡಿಯದ್ದಲ್ಲ, ಮನೆಯಲ್ಲೇ ಹಾಕಿದ್ದು" ಎಂದರು. ಮನೆಯ ಉಪ್ಪು ಹೃದಯವನ್ನು ಗುರುತು ಹಿಡಿದು ಪಕ್ಕಕ್ಕೆ ಸರಿದು ಹೋಗುತ್ತದೆ ಎಂದು ಅವರು ತಿಳಿದಿರಬೇಕು.

ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಅರುವತ್ತು ದಾಟಿದ ಯಾವ ಗಂಡಸನ್ನು ಲಿಫ್ಟಿನಲ್ಲಿ ಮಾತಾಡಿಸಿದರೂ ಎದೆಯ ಮೇಲೊಂದು ಕತೆ ಇರುತ್ತದೆ. ತಮ್ಮ ಸ್ಟೆಂಟುಗಳ ಬಗ್ಗೆ ಅವರು ಮಾತಾಡುವ ರೀತಿ ನೋಡಿದರೆ, ಅವನ್ನು ಪರೀಕ್ಷೆ ಬರೆದು ಪಾಸಾಗಿ ಪಡೆದರೇನೋ ಅನಿಸಬೇಕು. ಇವರೆಲ್ಲರೂ ನಮ್ಮ ಸೋಫಾದಲ್ಲಿ ಒಂದೊಂದು ಸಂಜೆ ಕೂತು ಎದ್ದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ಮೇಲಿನ ಮಹಡಿಯವರು ಅಮ್ಮನಿಗೆ ಸಲಹೆ ಕೊಟ್ಟರು.

"ಸೈಂಧವ ಲವಣ ಹಾಕಿ ಅಡಿಗೆ ಮಾಡಿ. ಅದು ಉಪ್ಪಲ್ಲ."

"ಮತ್ತೆ ಎಂತದು?" ಎಂದೆ ನಾನು.

"ಅದು ಕಲ್ಲು."

ಒಂದು ಶಾಖೆಯ ತಿಜೋರಿಯ ಬೀಗದಕೈ ಇಂಥವರ ಬಳಿ ಅಷ್ಟು ವರ್ಷ ಇತ್ತು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಬಂದವರೆಲ್ಲ ಒಂದು ವಿಷಯದಲ್ಲಿ ಮಾತ್ರ ಒಮ್ಮತದಲ್ಲಿದ್ದರು: ಅಪ್ಪನ ಸಂಯಮ. ಅಮ್ಮ ಸಪ್ಪೆ ಸಾರು, ಸಪ್ಪೆ ಪಲ್ಯ, ಉಪ್ಪಿಲ್ಲದ ಮಜ್ಜಿಗೆ ಇಟ್ಟರೆ ಅಪ್ಪ ಒಂದು ಮಾತೂ ಆಡದೆ ಉಂಡು ಕೈತೊಳೆಯುತ್ತಿದ್ದರು. ಮುಖ ಸಿಂಡರಿಸಲಿಲ್ಲ, ಹಪ್ಪಳ ಕೇಳಲಿಲ್ಲ. "ಋಷಿ ಹಾಗೆ ಊಟ ಮಾಡ್ತಾರೆ. ನಮ್ಮವರಿಗೆ ಸ್ವಲ್ಪ ಹೇಳಿ" ಎಂದು ಹೆಂಗಸರು ತಮ್ಮ ಗಂಡಂದಿರ ಕಡೆ ನೋಡುತ್ತಿದ್ದರು. ಅಪ್ಪ ಕಣ್ಣು ತಗ್ಗಿಸಿ, ಹೊಗಳಿಕೆ ತನಗೆ ಸೇರಿದ್ದಲ್ಲ ಎಂಬಂತೆ ನಗುತ್ತಿದ್ದರು. ಆ ನಗು ವಿನಯದ್ದೆಂದು ನಾನೂ ನಂಬಿದ್ದೆ.

ಉಪ್ಪು ಬಿಡುವುದು ಅಪ್ಪನಂಥವರಿಗೆ ಸಣ್ಣ ಮಾತಲ್ಲ. ಅಮ್ಮನ ತಮ್ಮ, ನನ್ನ ಮಾವ, ಗ್ರಾಂಟ್ ರೋಡಿನಲ್ಲಿ ಒಂದು ಉಡುಪಿ ಹೋಟೆಲು ನಡೆಸುತ್ತಾರೆ. ಅದರ ಅಡಿಗೆಮನೆಯನ್ನು ಅಪ್ಪ ಪ್ರಾಯವೆಲ್ಲ ಕಳೆಯುವವರೆಗೆ ನೋಡಿಕೊಂಡರು. ಅದಕ್ಕೂ ಮೊದಲು, ಮದುವೆಗೆ ಮುಂಚೆ, ಊರಿನ ದೇವಸ್ಥಾನದ ಅಡಿಗೆಯಲ್ಲಿ ಇದ್ದರು; ಆ ಕಾಲದ ಮಾತು ಮನೆಯಲ್ಲಿ ಬರುವುದು ಕಡಿಮೆ. ಮೊದಲ ಸಲ ಎದೆನೋವು ಬಂದ ಮೇಲೆ ಕೆಲಸ ಬಿಟ್ಟಿದ್ದರು. ಈಗ ವಾರಕ್ಕೆ ಮೂರು ಬೆಳಿಗ್ಗೆ ಮಾವ ಕಾರು ಕಳಿಸುತ್ತಿದ್ದರು. ಅಪ್ಪ ಹೋಗಿ, ಗಲ್ಲಾದ ಪಕ್ಕ ಕೂತು, ಪೇಪರು ಓದಿ, ಹಳೇ ಗಿರಾಕಿಗಳನ್ನು ಮಾತಾಡಿಸಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಿದ್ದರು. ಹಾಗೆಂದು ನಮಗೆ ಹೇಳಿದ್ದರು. ಮನಸ್ಸಿಗೆ ಹಗುರವಾಗುತ್ತದೆ ಎಂದು ಡಾಕ್ಟರೂ ಒಪ್ಪಿದ್ದರು.

ಪ್ರತಿ ಬೆಳಿಗ್ಗೆ ಅಪ್ಪ ತೂಕದ ಯಂತ್ರದ ಮೇಲೆ ನಿಲ್ಲಬೇಕಿತ್ತು. ಊಟ ಅಷ್ಟೇ ಇದ್ದು ತೂಕ ಬೇಗಬೇಗ ಏರಿದರೆ ಅದು ಕೊಬ್ಬಲ್ಲ, ನೀರು. ಪಾದ ಊದುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಏರುತ್ತದೆ. ಎರಡು ತಿಂಗಳು ಚೆನ್ನಾಗಿ ಹೋಯಿತು. ಆಮೇಲೆ ಮುಳ್ಳು ನಿಧಾನ ಬಲಕ್ಕೆ ಸರಿಯಲು ಶುರುವಾಯಿತು. ಚಪ್ಪಲಿಯ ಪಟ್ಟಿ ಪಾದದ ಮೇಲೆ ಗುರುತು ಬಿಡತೊಡಗಿತು. ಅಪ್ಪ ಎರಡು ದಿಂಬು ಸಾಲದೆ ಮೂರನೆಯದು ಕೇಳಿದರು. ಮತ್ತೆ ಆಸ್ಪತ್ರೆ, ಮತ್ತೆ ಸೂಜಿ, ಮೈಯಿಂದ ನೀರು ಇಳಿಸಿ ಮತ್ತೆ ಮನೆ. ಒಂದು ತಿಂಗಳು ಕಳೆಯುವುದರೊಳಗೆ ಮುಳ್ಳು ಪುನಃ ಬಲಕ್ಕೆ.

ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೃದಯವೊಂದಿತ್ತು, ತೆರೆದು ಮುಚ್ಚುವಂಥದ್ದು. ಡಾಕ್ಟರು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಅಪ್ಪನ ಹತ್ತಿರ ಮಕ್ಕಳನ್ನು ರಮಿಸುವ ದನಿಯ ಹಿಂದಿಯಲ್ಲಿ. ಅಮ್ಮನ ಹತ್ತಿರ ಅಲ್ಲಿಯ ತನಕ ಮಾತೇ ಆಡಿರಲಿಲ್ಲ. ಆ ದಿನ ಮೊದಲ ಸಲ ಅಮ್ಮನ ಕಡೆ ತಿರುಗಿದರು.

"ಆಂಟಿ, ಪ್ಯಾರ್ ಸೇ ಥೋಡಾ ನಮಕ್ ಡಾಲ್ ದೇತೀ ಹೋ ಕ್ಯಾ?"

ಪ್ರೀತಿಯಿಂದ ಒಂದಿಷ್ಟು ಉಪ್ಪು ಹಾಕಿಬಿಡುತ್ತೀರಾ ಎಂದು. ಅಮ್ಮ ಇಲ್ಲವೆಂದಳು. ಡಾಕ್ಟರು ನಕ್ಕರು. ಎಲ್ಲ ಹೆಂಡತಿಯರೂ ಹೀಗೆಯೇ ಹೇಳುತ್ತಾರೆ, ಆದರೆ ಕಾಲಿನ ಊತ ಸುಳ್ಳು ಹೇಳುವುದಿಲ್ಲ ಎಂದರು. ಆಮೇಲೆ ನಗು ನಿಲ್ಲಿಸಿ ನನಗೆ ಹೇಳಿದರು: ಈ ಹೃದಯಕ್ಕೆ ಇಂಥ ಪ್ರವಾಹ ಇನ್ನೊಂದು ಸಲ ತಡೆಯುವ ಶಕ್ತಿ ಉಂಟೆಂದು ನಾನು ಭರವಸೆ ಕೊಡಲಾರೆ.

ಈ ಮಾತು ನಡೆಯುವಾಗ ಅಪ್ಪ ಪ್ಲಾಸ್ಟಿಕ್ ಹೃದಯದ ನೀಲಿ ನಾಳವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಮನೆಗೆ ಬಂದ ಅಮ್ಮ ಉಪ್ಪಿನ ಭರಣಿ ಎತ್ತಿಕೊಂಡು ಹೋಗಿ ಎದುರು ಮನೆಯಲ್ಲಿ ಇಟ್ಟು ಬಂದಳು. ಆ ದಿನದಿಂದ ಅವಳಿಗೂ ಸಪ್ಪೆ, ನನಗೂ ಸಪ್ಪೆ. ನಾನು ದೂರಲಿಲ್ಲ. ಪವಾಯಿಯ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಚೆನ್ನಾಗಿ ತಿಂದು ಬರುತ್ತಿದ್ದೆ. ರಾತ್ರಿಯ ಸಪ್ಪೆ ಸಾರು ನನಗೆ ಏನೂ ಅನಿಸುತ್ತಿರಲಿಲ್ಲ. ಅಮ್ಮ ಮಾತ್ರ ಮೊದಲ ತುತ್ತಿಗೇ ಅನ್ನ ನುಂಗಲಾರದೆ ಸುಮ್ಮನೆ ಕೂತಿರುತ್ತಿದ್ದಳು. ಒಂದು ರಾತ್ರಿ ಹಾಗೆ ಕೂತಿದ್ದವಳ ಪಕ್ಕದಲ್ಲಿ ಅಪ್ಪ ತಟ್ಟೆ ಬಳಿದು ಉಣ್ಣುತ್ತಿದ್ದರು. ಜೀವಮಾನವೆಲ್ಲ ಸಾಂಬಾರಿನ ಹದ ಹೇಳಿದ ಮನುಷ್ಯ ಇದನ್ನು ಇಷ್ಟು ಸಲೀಸಾಗಿ ಹೇಗೆ ಉಣ್ಣುತ್ತಾರೆ ಎಂದು ನೋಡುತ್ತಿದ್ದೆ. ಇದಕ್ಕೆ ಒಂದೇ ಉತ್ತರವಿತ್ತು, ಅದು ನನಗೆ ಸ್ವಂತ ಅನುಭವದಿಂದ ಗೊತ್ತಿತ್ತು. ಅಪ್ಪನಿಗೂ ಎಲ್ಲೋ ಒಂದು ಕ್ಯಾಂಟೀನು ಇರಬೇಕು.

ಮರುದಿನ ಶನಿವಾರ. ಮಾವನ ಕಾರು ಅಪ್ಪನನ್ನು ಕರೆದುಕೊಂಡು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ನಾನು ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ಗ್ರಾಂಟ್ ರೋಡಿನಲ್ಲಿ ಇಳಿದೆ. ಹೋಟೆಲಿನ ಎದುರು ಬಾಗಿಲು ಬಿಟ್ಟು, ಹಾಲಿನ ಕ್ರೇಟು ಇಳಿಸುವ ಗಲ್ಲಿಯಿಂದ ಅಡಿಗೆಮನೆಯ ಬಾಗಿಲಿಗೆ ಹೋದೆ. ಚಿಕ್ಕಂದಿನಲ್ಲಿ ನಾನು ಒಳಗೆ ಬರುತ್ತಿದ್ದದ್ದೇ ಅಲ್ಲಿಂದ.

ಅಪ್ಪ ಅಲ್ಲಿ ಒಲೆಗಳ ಮುಂದೆ ನಿಂತಿದ್ದರು, ಪಂಚೆ ಎತ್ತಿ ಕಟ್ಟಿಕೊಂಡು. ಈಗಿನ ಅಡಿಗೆಯವನು ವಿಜಯಪುರದ ಕಡೆಯವನು. ಸೌಟಿನಿಂದ ಅಪ್ಪನ ಅಂಗೈಗೆ ಸಾಂಬಾರು ಬಿಟ್ಟ. ಅಪ್ಪ ಅಂಗೈಯನ್ನು ಬಾಯಿಗೆ ಎತ್ತಿ, ಹೀರಿ, ಕಣ್ಣು ಮುಚ್ಚಿದರು.

"ಉಪ್ಪ ಸಾಕಾತೇನ್ರಿ ಅಣ್ಣಾರ?"

"ಇನ್ನು ಸ್ವಲ್ಪ ಬೇಕು. ಹಾಕಿ ತಿರುಗಿಸಿ ಕೊಡು, ಇನ್ನೊಮ್ಮೆ ನೋಡುವ."

ಇನ್ನೊಮ್ಮೆ ಆಯಿತು. ನಲ್ಲಿಯಲ್ಲಿ ಕೈ ತೊಳೆದು ರಸಮ್ಮಿನ ತಪ್ಪಲೆಗೆ ಸರಿದರು. ಅಲ್ಲಿಂದ ಕುರ್ಮ, ಬಿಸಿಬೇಳೆಬಾತ್, ಕಾಯಿ ಚಟ್ನಿ, ಕೆಂಪು ಚಟ್ನಿ. ಎಲ್ಲ ಮುಗಿಯಿತೆಂದುಕೊಂಡರೆ, ಒಂದು ಇಡ್ಲಿಯನ್ನು ಬಟ್ಟಲಿನ ಸಾಂಬಾರಿನಲ್ಲಿ ಮುಳುಗಿಸಿ ತರಿಸಿಕೊಂಡರು.

"ಅದೂ ನೋಡಬೇಕೇನ್ರಿ?" ಎಂದು ಅಡಿಗೆಯವನು ನಕ್ಕ.

"ಬರೀ ಸಾಂಬಾರು ರುಚಿ ಇದ್ದರೆ ಆಯ್ತಾ? ಇಡ್ಲಿಯೊಟ್ಟಿಗೆ ಹೇಗೆ ಕೂಡ್ತದೆ ಅಂತ ಗೊತ್ತಾಗಬೇಡವಾ ಮಾರಾಯ?"

ಅದು ಹೇಗೆ ಕೂಡುತ್ತದೆಂದು ತಿಳಿಯಲು ಅಪ್ಪನಿಗೆ ಇಡೀ ಇಡ್ಲಿ ಬೇಕಾಯಿತು. ಬಟ್ಟಲನ್ನೂ ಎತ್ತಿ ಕುಡಿದರು. ಆಗ ನನ್ನನ್ನು ಕಂಡರು. ಬೆಚ್ಚಿಬೀಳಲಿಲ್ಲ.

"ನೀನು ಎಂತಕ್ಕೆ ಬಂದದ್ದು? ಬಿಸಿಲು ಹೊರಗೆ."

"ಡಾಕ್ಟರು ಉಪ್ಪು ತಿನ್ನಬಾರದು ಅಂದಿದ್ದಾರೆ."

"ಎಲ್ಲಿ ತಿಂದೆ?" ಎಂದರು ಅಪ್ಪ, ನಿಜವಾಗಿ ಅರ್ಥವಾಗದವರಂತೆ. "ನನಗೆ ಎಲೆ ಹಾಕಿದ್ದಾರಾ? ಕೂತು ಉಂಡೆನಾ? ಇದು ಕೆಲಸ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ರೇಗಿಸಿದ್ದು. ಅಡಿಗೆಯವರ ಲೆಕ್ಕವೇ ಬೇರೆ: ನಿಂತು, ಅಂಗೈಗೆ ಬಿಡಿಸಿಕೊಂಡು, ತಪ್ಪಲೆಯ ಪಕ್ಕದಲ್ಲೇ ಹೀರಿದ್ದು ಊಟವಲ್ಲ. ಏಕಾದಶಿಯ ದಿನ ಅಪ್ಪ ನೀರು ಕೂಡ ಕುಡಿಯದೆ ಉಪವಾಸ ಇರುತ್ತಿದ್ದ ಕಾಲದಲ್ಲೂ ಹೋಟೆಲಿಗೆ ಹೋಗಿ ಹತ್ತು ತಪ್ಪಲೆಯ ರುಚಿ ನೋಡಿ ಬರುತ್ತಿದ್ದರು. ಉಪವಾಸ ಮುರಿಯಿತೆಂದು ಯಾರೂ ಅಂದುಕೊಂಡಿರಲಿಲ್ಲ. ದೇವರೇ ಲೆಕ್ಕಕ್ಕೆ ತೆಗೆದುಕೊಳ್ಳದ್ದನ್ನು ಹೃದಯ ತೆಗೆದುಕೊಳ್ಳುತ್ತದೆ ಎಂದು ಅಪ್ಪನಿಗೆ ತೋಚಿರಲಿಲ್ಲ. ಡಾಕ್ಟರು ಕೇಳಿದ್ದು ಊಟದಲ್ಲಿ ಉಪ್ಪಿದೆಯೇ ಎಂದು. ಊಟದಲ್ಲಿ ಇರಲಿಲ್ಲ.

ಗಲ್ಲಾದಲ್ಲಿದ್ದ ಮಾವನ ಹತ್ತಿರ ಹೋದೆ. ಮಾವ ಚಿಲ್ಲರೆ ಕೊಡುವುದನ್ನು ನಿಲ್ಲಿಸದೆ ಮಾತಾಡಿದರು.

"ನೋಡು ಮಗಳೇ, ಬೋರ್ಡು ನನ್ನದು, ನಾಲಿಗೆ ಭಾವನದ್ದು. ಅವರು ನೋಡದೆ ಹೊರಗೆ ಹೋದ ದಿನ ಹಳೇ ಗಿರಾಕಿ ಪ್ಲೇಟು ಹಾಗೇ ಬಿಟ್ಟು ಏಳ್ತಾರೆ."

"ನಾಲಿಗೆಯೊಟ್ಟಿಗೆ ಒಂದು ಹೃದಯವೂ ಬರ್ತದೆ ಮಾವ."

"ಅಷ್ಟು ನೆಕ್ಕಿದ್ದಕ್ಕೆ ಎಂತ ಆಗುವುದು? ನನಗೆ ಎರಡು ಸ್ಟೆಂಟ್ ಉಂಟು. ನಾನು ವಡೆ ತಿನ್ನುವುದಿಲ್ಲವಾ?"

ಇದನ್ನು ವಾದವೆಂದು ಅವರು ನಿಜವಾಗಿಯೂ ತಿಳಿದಿದ್ದರು. ಕಳೆದ ಸಲ ಆಸ್ಪತ್ರೆಗೆ ಬಂದಾಗ ಅಪ್ಪನ ಕೈ ಹಿಡಿದು ಅತ್ತಿದ್ದರು. ಆ ಅಳುವೂ ನಿಜವೇ ಇರಬಹುದು. ಅದರಲ್ಲಿ ಎಷ್ಟು ಭಾಗ ಭಾವನಿಗೆ, ಎಷ್ಟು ಭಾಗ ಸಾಂಬಾರಿಗೆ ಎಂದು ವಿಂಗಡಿಸುವುದು ನನ್ನಿಂದಾಗದು.

ಫೋನಿನಲ್ಲಿ ಡಾಕ್ಟರಿಗೆ ವಿಷಯ ತಿಳಿಸಿದೆ. ಅಮ್ಮನ ಮೇಲೆ ಹೊರಿಸಿದ್ದಕ್ಕೆ ಒಂದು ಮಾತು ಹೇಳಬಹುದೆಂದು ಕಾದೆ. ಅವರಿಗೆ ಅದು ನೆನಪೇ ಇರಲಿಲ್ಲ. ವಿದೇಶದಲ್ಲಿ ವೈನಿನ ರುಚಿ ನೋಡುವವರು ಬಾಯಲ್ಲಿ ಮುಕ್ಕಳಿಸಿ ಉಗುಳುತ್ತಾರಲ್ಲ, ನಿಮ್ಮ ತಂದೆಯೂ ಹಾಗೆ ಉಗುಳಲಿ ಎಂದರು. ತಮ್ಮ ಬುದ್ಧಿಗೆ ತಾವೇ ಮೆಚ್ಚಿದ ದನಿ.

ಭಾನುವಾರ ಮಾವ ಮನೆಗೆ ಬಂದರು, ಖಾರಕಡ್ಡಿಯ ಪೊಟ್ಟಣದೊಂದಿಗೆ. ನಾನು ಡಾಕ್ಟರ ಸಲಹೆಯನ್ನು ಇದ್ದಂತೆ ಒಪ್ಪಿಸಿದೆ. ಅಪ್ಪನ ಮುಖ ಕೆಂಪಾಯಿತು. ಇಷ್ಟು ಕಾಯಿಲೆಯಲ್ಲೂ ಅವರಿಗೆ ಕೋಪ ಬಂದದ್ದು ನಾನು ಕಂಡದ್ದು ಅದೊಂದೇ ಸಲ.

"ಅಡಿಗೆಮನೆಯಲ್ಲಿ ಉಗುಳುವುದಾ? ಅನ್ನದ ಎದುರು?"

"ಯಾರಾದರೂ ಮೊಬೈಲಿನಲ್ಲಿ ಹಿಡಿದು ಹಾಕಿದರೆ ಕತೆ ಮುಗೀತು" ಎಂದರು ಮಾವ. "ಮಾರನೇ ದಿನ ನಾನು ಶಟರ್ ಎಳೆದು ಊರಿಗೆ ಹೋಗಬೇಕು. ಅದೆಲ್ಲ ಆಗುವುದಿಲ್ಲ."

"ಹಾಗಾದರೆ ಅಪ್ಪ ಬರುವುದು ಬೇಡ."

"ಅದು ಹೇಗೆ? ಬಾಯಿಗೆ ಹಾಕದೆ ಹದ ಗೊತ್ತಾಗುವುದು ಹೇಗೆ ನೀನೇ ಹೇಳು. ನೀನು ಎಂಎಸ್ಸಿ ಕಲಿತವಳು."

ಅಪ್ಪ ಭಾವಮೈದುನನ ಮಾತಿಗೆ ನಿಧಾನವಾಗಿ ತಲೆಯಾಡಿಸಿದರು. ಇಬ್ಬರ ಮುಖದಲ್ಲೂ ಒಂದು ನೆಮ್ಮದಿ. ಒಂದು ಹೃದಯವನ್ನು ಹೋಟೆಲಿಗೆ ಒತ್ತೆಯಿಡುವ ನಿರ್ಧಾರ ಇಷ್ಟು ಸುಲಭವಾಗಿ, ಇಬ್ಬರ ಒಪ್ಪಿಗೆಯಿಂದ, ಚಹಾ ತಣಿಯುವ ಮೊದಲೇ ಆಗಿತ್ತು.

ಅಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಶನಿವಾರ ನಾನು ವಿಷಯ ಹೇಳಿದಾಗಿನಿಂದ ಅವಳು ಅಪ್ಪನ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

"ದೇವಸ್ಥಾನದಲ್ಲಿ ನೈವೇದ್ಯಕ್ಕೆ ಮಾಡುವಾಗ ಯಾರ ಬಾಯಿಗೆ ಹಾಕಿ ಹದ ನೋಡ್ತಿದ್ರಿ?"

ದೇವರಿಗೆ ಇಡುವ ಅಡಿಗೆಯನ್ನು ಮೊದಲು ಮನುಷ್ಯರು ರುಚಿ ನೋಡುವಂತಿಲ್ಲ, ನೋಡಿದರೆ ಅದು ಎಂಜಲು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಹೊಳೆದಿರಲಿಲ್ಲ.

"ಅದು ದೇವರ ಅಡಿಗೆ" ಎಂದರು ಅಪ್ಪ.

"ದೇವರಿಗೆ ಹೆಚ್ಚುಕಡಿಮೆ ಆದರೆ ಅಡ್ಡಿಲ್ಲ, ಗ್ರಾಂಟ್ ರೋಡಿನವರಿಗೆ ಆಗುವುದಿಲ್ಲವಾ?" ಅಮ್ಮನ ದನಿ ಏರಲಿಲ್ಲ. "ಕುದಿಯುವ ಆವಿ ಮೂಸಿದರೆ ಸಾಕು, ಉಪ್ಪು ಎಷ್ಟು ಉಂಟು ಅಂತ ಗೊತ್ತಾಗ್ತದೆ ಅಂತ ಮದುವೆಯಾದ ಹೊಸತರಲ್ಲಿ ಎಷ್ಟು ಜಂಬದಲ್ಲಿ ಹೇಳಿದ್ರಿ. ನನ್ನ ಸಾರು ಮೂಸಿಯೇ ಉಪ್ಪು ಹೆಚ್ಚಾಯ್ತು ಅಂತ ಹೇಳಿ ಎಲ್ಲರೆದುರು ನನ್ನನ್ನು ನಗೆ ಮಾಡಿದ್ರಿ. ಈಗ ಮೂಗು ಎಲ್ಲಿ ಹೋಯ್ತು?"

ಮಾವ ನಗಲು ಹೋಗಿ, ಅಕ್ಕನ ಮುಖ ನೋಡಿ, ಖಾರಕಡ್ಡಿ ಬಾಯಿಗೆ ಹಾಕಿಕೊಂಡರು.

"ಆ ಡಾಕ್ಟರು ನನ್ನನ್ನು ಕೇಳುವಾಗ ನೀವು ಪ್ಲಾಸ್ಟಿಕ್ ನೋಡ್ತಾ ಕೂತಿದ್ರಿ" ಎಂದು ಹೇಳಿ ಅಮ್ಮ ಒಳಗೆ ಹೋದಳು.

ಅಪ್ಪನಿಗೆ ಮೂಗಿನ ಈ ವಿದ್ಯೆ ನೆನಪಿರಲಿಲ್ಲವೆಂದು ನಂಬಲು ಪ್ರಯತ್ನಪಟ್ಟೆ, ಆಗಲಿಲ್ಲ. ಅಂಗೈಯಲ್ಲಿ ಹೀರಿದ್ದು ಊಟವಲ್ಲ ಎಂಬ ಅವರ ನಂಬಿಕೆಯನ್ನಾದರೂ ಕ್ಷಮಿಸಬಹುದಿತ್ತು. ಅದು ಕಸುಬಿನ ಕುರುಡು. ಆದರೆ ನಾಲಿಗೆಯಿಲ್ಲದೆಯೂ ಈ ಕೆಲಸ ತನಗೆ ಬರುತ್ತದೆ ಎಂದು ತಿಳಿದಿದ್ದೂ ಬಟ್ಟಲು ಎತ್ತಿ ಕುಡಿದವರು ಇವರು. ಮಾವನಿಗೆ ಬೇಕಾದದ್ದು ಹದ. ಅಪ್ಪನಿಗೆ ಬೇಕಾದದ್ದು ಸಾಂಬಾರು. ಇಬ್ಬರೂ ಅದನ್ನು ಕೆಲಸ ಎಂದು ಕರೆದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಊದಿದ ಕಾಲನ್ನು ಮಡಿಲಲ್ಲಿಟ್ಟು ಒತ್ತುತ್ತಿದ್ದವಳ ಮೇಲೆ ಕಳ್ಳತನದ ಹೆಸರು ಬಂತು.

ಸೋಮವಾರ ಕಾರು ಬಂದಾಗ ಅಮ್ಮ ಒಳ್ಳೆಯ ಸೀರೆ ಉಟ್ಟು ಅಪ್ಪನ ಪಕ್ಕ ಕೂತಳು. ನಾನು ಆಫೀಸಿಗೆ ತಡವಾಗಿ ಬರುತ್ತೇನೆಂದು ಮೆಸೇಜು ಕಳಿಸಿ ಮುಂದಿನ ಸೀಟಿನಲ್ಲಿ ಕೂತೆ. ಹೋಟೆಲಿನಲ್ಲಿ ಅಮ್ಮ ಅಡಿಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಕೈ ಜೋಡಿಸಿಟ್ಟು, ಮದುವೆಯ ಮನೆಯಲ್ಲಿ ಗಂಡಿನ ಕಡೆಯವರು ಕೂರುವಂತೆ ಕೂತಳು. ಅಡಿಗೆಯವನು ಸೌಟು ಎತ್ತಿದ. ಅಪ್ಪನ ಅಂಗೈ ತಾನಾಗಿಯೇ ಗುಳಿಯಾಯಿತು. ಒಮ್ಮೆ ಬಾಗಿಲ ಕಡೆ ನೋಡಿ, ಕೈಯನ್ನು ಪಂಚೆಗೆ ಒರೆಸಿ, ತಪ್ಪಲೆಯ ಮೇಲೆ ಬಗ್ಗಿದರು. ಆವಿ ಮುಖಕ್ಕೆ ಹೊಡೆಯಿತು. ಮೂಸಿದರು, ಗುಳ್ಳೆ ಒಡೆಯುವುದನ್ನು ನೋಡಿದರು.

"ಅರ್ಧ ಹಿಡಿ ಹಾಕು."

"ನಾಲಿಗಿ ಹಚ್ಚಂಗಿಲ್ಲೇನ್ರಿ?"

"ಹಾಕು ಅಂದೆನಲ್ಲ."

ಹಾಕಿ ತಿರುಗಿಸಿದ ಮೇಲೆ ಮಾವ ಗಲ್ಲಾ ಬಿಟ್ಟು ಬಂದು, ತಾವೇ ಅಂಗೈಗೆ ಬಿಡಿಸಿಕೊಂಡು ನೋಡಿದರು. "ಸರಿ ಉಂಟು" ಎಂದರು. ತಪ್ಪಿದ್ದರೆ ಅವರಿಗೆ ಹೆಚ್ಚು ಸಂತೋಷವಾಗುತ್ತಿತ್ತು. ರಸಮ್ಮು, ಕುರ್ಮ, ಎಲ್ಲವೂ ಸರಿಯಿದ್ದವು. ಚಟ್ನಿಗೆ ಆವಿಯಿಲ್ಲ, ಅದು ತನ್ನಿಂದಾಗದು ಎಂದರು ಅಪ್ಪ. "ಹಾಗಾದರೆ ಚಟ್ನಿ ಅಡಿಗೆಯವನೇ ನೋಡಿಕೊಳ್ಳಲಿ" ಎಂದಳು ಅಮ್ಮ ಕುರ್ಚಿಯಿಂದ.

ಇದಾದ ಮೇಲೆ ಅಪ್ಪ ಎರಡು ವಾರ ಹೋದರು. ಮೂರನೆಯ ವಾರ ಮಂಡಿ ನೋಯುತ್ತದೆ ಎಂದರು, ಆಮೇಲೆ ಬಿಸಿಲು ಹೆಚ್ಚು ಎಂದರು. ಕಾರು ಕೆಳಗೆ ಬಂದು ನಿಂತು, ಹಾರನ್ ಹಾಕಿ, ಹಿಂದಿರುಗಿತು. ಕೆಲವು ದಿನಗಳಲ್ಲಿ ಬರುವುದೂ ನಿಂತಿತು. ಕೆಲಸ ಎಂದು ಕರೆಯುತ್ತಿದ್ದದ್ದರಿಂದ ಸಾಂಬಾರನ್ನು ತೆಗೆದರೆ ಅಪ್ಪನ ಪಾಲಿಗೆ ಏನೂ ಉಳಿದಿರಲಿಲ್ಲ. ಮೇಲಿನ ಮಹಡಿಯವರು ಬಂದು, ಗಂಡಸು ಕೆಲಸ ಬಿಟ್ಟರೆ ಹೃದಯ ಇನ್ನಷ್ಟು ಕುಗ್ಗುತ್ತದೆ, ನೀವು ಹೆಂಗಸರು ಸ್ವಲ್ಪ ಸಡಿಲ ಬಿಡಬೇಕಿತ್ತು ಎಂದು ಉಪದೇಶ ಮಾಡಿ, ಎರಡು ಲೋಟ ಕಾಫಿ ಕುಡಿದು ಹೋದರು.

ತೂಕದ ಯಂತ್ರದ ಮುಳ್ಳು ಎಡಕ್ಕೆ ಸರಿಯಿತು, ಅಲ್ಲೇ ನಿಂತಿತು. ಪಾದದ ಎಲುಬು ಕಾಣತೊಡಗಿತು. ಮೂರನೆಯ ದಿಂಬು ಕಪಾಟಿಗೆ ಹೋಯಿತು. ಡಾಕ್ಟರು ರಿಪೋರ್ಟು ನೋಡಿ ಬಹಳ ಸಂತೋಷಪಟ್ಟರು. ಉಗುಳುವ ಉಪಾಯ ಕೆಲಸ ಮಾಡಿತು ಎಂದುಕೊಂಡಿದ್ದಾರೆ, ನಾನು ತಿದ್ದಲಿಲ್ಲ.

ಒಂದು ಮಧ್ಯಾಹ್ನ, ಮನೆಯಿಂದಲೇ ಕೆಲಸ ಮಾಡುವ ದಿನ, ಮೂವರೂ ಊಟಕ್ಕೆ ಕೂತಿದ್ದೆವು. ಅಮ್ಮ ಸೌತೆಕಾಯಿ ಹುಳಿ ಬಡಿಸಿದಳು. ಅಪ್ಪ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ತಟ್ಟೆಯನ್ನು ಒಂದು ಬೆರಳಿನಷ್ಟು ಮುಂದಕ್ಕೆ ತಳ್ಳಿದರು.

"ಇದನ್ನು ಮನುಷ್ಯರು ಉಣ್ಣುವುದು ಹೇಗೆ? ಸಪ್ಪೆ."

ಕಾಯಿಲೆ ಶುರುವಾದಂದಿನಿಂದ ಅವರು ಊಟದ ಬಗ್ಗೆ ಆಡಿದ ಮೊದಲ ದೂರು ಅದು. ಅಮ್ಮ ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಗೆಲುವಿರಲಿಲ್ಲ, ಕನಿಕರವೂ ಇರಲಿಲ್ಲ. ಬಹಳ ದಿನದಿಂದ ತೆರೆದೇ ಇದ್ದ ಬಾಗಿಲೊಂದಕ್ಕೆ ಸರಿಯಾಗಿ ಚಿಲಕ ಹಾಕಿದವಳಂತೆ ಇದ್ದಳು.

"ಹೌದು, ಸಪ್ಪೆಯೇ" ಎಂದು ಹೇಳಿ, ತಟ್ಟೆಯನ್ನು ಅವರ ಕಡೆಗೆ ಸರಿಸಿ, ಇನ್ನೊಂದು ಸೌಟು ಬಡಿಸಿದಳು.